ಅಪ್ಪನ ಶೂ ಒಳಗಿನ ಮರಳು

ನಾನು ಮೂರನೇ ಕ್ಲಾಸಿನಲ್ಲಿದ್ದಾಗ ಶಾಲೆಯಲ್ಲಿ ಒಂದು ಫಾರಂ ಕೊಟ್ಟಿದ್ದರು. ಅದರಲ್ಲಿ 'ತಂದೆಯ ಉದ್ಯೋಗ' ಅಂತ ಒಂದು ಸಾಲು. ಪೇಪರ್ ಓದುತ್ತಾ ಕೂತಿದ್ದ ಅಪ್ಪನನ್ನು ಕೇಳಿದೆ. ತಲೆ ಎತ್ತದೆ, "ಸರ್ಕಾರಿ ನೌಕರಿ ಅಂತ ಬರಿ" ಅಂದರು. "ಏನು ಕೆಲಸ ಅಂತಾನೂ ಬರೀಬೇಕಂತೆ" ಅಂದೆ. "ಅಷ್ಟು ಬರೆದರೆ ಸಾಕು ಪುಟ್ಟಿ" ಅಂದರು. ಪಕ್ಕದಲ್ಲಿ ಕೂರುತ್ತಿದ್ದ ಹುಡುಗಿ ತನ್ನ ಫಾರಂನಲ್ಲಿ ಬಸ್ ಕಂಡಕ್ಟರ್ ಅಂತ ಬರೆದಿದ್ದಳು. ಅವಳ ಅಪ್ಪ ಟಿಕೆಟ್ ಹರಿದುಕೊಡುವುದನ್ನು ನಾನೇ ನೋಡಿದ್ದೆ. ನನ್ನ ಅಪ್ಪ ಏನು ಮಾಡುತ್ತಾರೆ ಅನ್ನುವುದು ಮಾತ್ರ ನನಗೆ ಗೊತ್ತಿರಲಿಲ್ಲ.

ಅಪ್ಪ ಬೆಂಗಳೂರಿನ ಒಂದು ರಕ್ಷಣಾ ಸಂಸ್ಥೆಯಲ್ಲಿ ಇಂಜಿನಿಯರ್. ಇಷ್ಟು ತಿಳಿದಿದ್ದೂ ನಾನು ಹೈಸ್ಕೂಲಿಗೆ ಬಂದ ಮೇಲೆ. ಜಾಲಹಳ್ಳಿ, ವಿಮಾನಪುರ, ಸಿ.ವಿ. ರಾಮನ್ ನಗರದ ಕಡೆ ಬೆಳೆದವರಿಗೆ ಇಂಥ ಮನೆಗಳು ಗೊತ್ತಿರುತ್ತವೆ. ಬೆಳಗ್ಗೆ ಬೀದಿ ತುದಿಗೆ ಬಸ್ಸು ಬರುತ್ತೆ. ಟಿಫನ್ ಬಾಕ್ಸ್ ಹಿಡಿದು ಅಪ್ಪಂದಿರು ಹತ್ತುತ್ತಾರೆ. ಸಂಜೆ ಇಳಿಯುತ್ತಾರೆ. ಮಧ್ಯೆ ಏನಾಯಿತು ಅಂತ ಮನೆಯಲ್ಲಿ ಯಾರೂ ಕೇಳುವುದಿಲ್ಲ.

ವರ್ಷಕ್ಕೆ ಎರಡು ಮೂರು ಸಲ ಅಪ್ಪ 'ಕ್ಯಾಂಪ್'ಗೆ ಹೋಗುತ್ತಿದ್ದರು. ಎಲ್ಲಿಗೆ ಅಂತ ಅಮ್ಮನಿಗೂ ಹೇಳುತ್ತಿರಲಿಲ್ಲ. ಒಂದು ಸಲ ಹಾಗೆ ಹೋಗಿ ಬಂದು ಶೂ ಬಿಚ್ಚಿ ಬಾಗಿಲ ಹತ್ತಿರ ಇಟ್ಟರು. ಭಾನುವಾರ ಶೂ ಪಾಲಿಷ್ ಮಾಡುವುದು ನನ್ನ ಕೆಲಸ. ಎತ್ತಿ ಬಗ್ಗಿಸಿದೆ. ಒಳಗಿಂದ ಮರಳು ಸುರಿಯಿತು. ನುಣ್ಣನೆಯ ಮರಳು, ಅದರ ಜೊತೆ ಉಗುರಿನಷ್ಟು ಚಿಕ್ಕ ಚಿಪ್ಪಿನ ಚೂರು. "ಅಪ್ಪ, ಸಮುದ್ರಕ್ಕೆ ಹೋಗಿದ್ರಾ?" ಅಂತ ಕೂಗಿದೆ. ಅಪ್ಪ ಒಳಗಿಂದ ಬಂದು ನನ್ನ ಕೈಯಿಂದ ಶೂ ತೆಗೆದುಕೊಂಡರು. ಹೊರಗೆ ಹೋಗಿ ದಾಸವಾಳದ ಗಿಡದ ಬುಡಕ್ಕೆ ಪೂರ್ತಿ ಕೊಡವಿ ಬಂದರು. ಆಮೇಲೆ ಅಮ್ಮನ ಕಡೆ ತಿರುಗಿ, "ಕಾಫಿ ಇದೆಯಾ?" ಅಂದರು. ನಾನು ಆ ಚಿಪ್ಪಿನ ಚೂರನ್ನು ಜ್ಯಾಮಿಟ್ರಿ ಬಾಕ್ಸಿನಲ್ಲಿ ತುಂಬಾ ದಿನ ಇಟ್ಟುಕೊಂಡಿದ್ದೆ.

ಇದೆಲ್ಲ ಮತ್ತೆ ನೆನಪಾಗಿದ್ದು 2020ರ ಲಾಕ್‌ಡೌನ್‌ನಲ್ಲಿ. ಅಪ್ಪ ರಿಟೈರ್ ಆಗಿ ಒಂಬತ್ತು ವರ್ಷ ಆಗಿತ್ತು. ಅಮ್ಮ ತೀರಿಕೊಂಡು ಎರಡು ವರ್ಷ. ಅಪ್ಪ ನನ್ನ ಮನೆಯಲ್ಲೇ ಇದ್ದರು. ರಾತ್ರಿ ಊಟ ಆದ ಮೇಲೆ ಇಬ್ಬರಿಗೂ ನಿದ್ದೆ ಬರುತ್ತಿರಲಿಲ್ಲ. ಏನಾದರೂ ನೋಡೋಣ ಅಂತ 'ದಿ ಅಮೆರಿಕನ್ಸ್' ಹಾಕಿದೆ. ಗೂಢಚಾರರ ಕಥೆ, ಅಪ್ಪನಿಗೆ ಹಿಡಿಸಬಹುದು ಅಂತ ಅಷ್ಟೇ ಅಂದುಕೊಂಡಿದ್ದೆ.

ಈ ಸರಣಿ ಎಫ್‌ಎಕ್ಸ್ ಚಾನೆಲ್‌ನಲ್ಲಿ 2013ರಿಂದ 2018ರವರೆಗೆ ಬಂದಿದ್ದು. ಆರು ಸೀಸನ್, 75 ಕಂತು. ಕಥೆ ಶುರುವಾಗುವುದು 1981ರಲ್ಲಿ, ರೇಗನ್ ಆಗಷ್ಟೇ ಅಧ್ಯಕ್ಷರಾಗಿದ್ದ ಕಾಲ. ವಾಷಿಂಗ್ಟನ್ ಪಕ್ಕದ ಫಾಲ್ಸ್ ಚರ್ಚ್ ಅನ್ನುವ ಊರಿನಲ್ಲಿ ಫಿಲಿಪ್ ಮತ್ತು ಎಲಿಜಬೆತ್ ಜೆನ್ನಿಂಗ್ಸ್ ಅಂತ ಗಂಡ ಹೆಂಡತಿ. ಒಂದು ಟ್ರಾವೆಲ್ ಏಜೆನ್ಸಿ ನಡೆಸುತ್ತಾರೆ. ಪೇಜ್ ಅಂತ ಮಗಳು, ಹೆನ್ರಿ ಅಂತ ಮಗ. ಗಂಡ ಹೆಂಡತಿ ಇಬ್ಬರೂ ಅಸಲಿಗೆ ಸೋವಿಯತ್ ಒಕ್ಕೂಟದ ಗೂಢಚಾರ ಸಂಸ್ಥೆ ಕೆಜಿಬಿಯ ಏಜೆಂಟರು. 1965ರಲ್ಲಿ ಅಮೆರಿಕಕ್ಕೆ ಬಂದವರು. ಮದುವೆ ಆಫೀಸಿನ ಆರ್ಡರ್. ಮಕ್ಕಳೂ ಹೆಚ್ಚುಕಡಿಮೆ ಆಫೀಸಿನ ಆರ್ಡರೇ. ಒಬ್ಬರಿಗೊಬ್ಬರು ನಿಜವಾದ ಹೆಸರು ಹೇಳಿಕೊಳ್ಳಬಾರದು, ಹುಟ್ಟಿದ ಊರು ಹೇಳಿಕೊಳ್ಳಬಾರದು, ಮನೆಯಲ್ಲೂ ರಷ್ಯನ್ ಮಾತಾಡಬಾರದು.

ಮೊದಲ ಕಂತಿನಲ್ಲಿ ಒಂದು ಚಿಕ್ಕ ದೃಶ್ಯ ಇದೆ. ಫಿಲಿಪ್ ಮಗಳ ಜೊತೆ ಮಾಲ್‌ಗೆ ಹೋಗುತ್ತಾನೆ. ಅಲ್ಲಿ ಕೌಬಾಯ್ ಬೂಟು ಹಾಕಿ ನೋಡುತ್ತಾನೆ. ಕನ್ನಡಿ ಮುಂದೆ ಎರಡು ಹೆಜ್ಜೆ ಕುಣಿಯುತ್ತಾನೆ. ಮಗಳಿಗೆ ನಾಚಿಕೆ. ಎಲ್ಲ ಅಪ್ಪಂದಿರೂ ಮಾಡುವಂಥದ್ದೇ. ಆದರೆ ಇವನ ಕಾರಿನ ಡಿಕ್ಕಿಯಲ್ಲಿ, ಮನೆಯ ಗ್ಯಾರೇಜಿನಲ್ಲಿ, ಕೈಕಾಲು ಕಟ್ಟಿದ ಒಬ್ಬ ಮನುಷ್ಯ ಬಿದ್ದಿರುತ್ತಾನೆ. ಪಕ್ಷ ಬದಲಿಸಿ ಅಮೆರಿಕಕ್ಕೆ ಸೇರಿದ್ದ ಕೆಜಿಬಿ ಅಧಿಕಾರಿ. ಅವನನ್ನು ಮಾಸ್ಕೋಗೆ ಕಳಿಸಬೇಕು. ಅದೇ ವಾರ ಎದುರು ಮನೆಗೆ ಹೊಸಬರು ಬರುತ್ತಾರೆ. ಆ ಮನೆಯ ಯಜಮಾನ ಸ್ಟ್ಯಾನ್ ಬೀಮನ್, ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐನಲ್ಲಿ ಗೂಢಚಾರರನ್ನು ಹಿಡಿಯುವ ವಿಭಾಗದವನು.

ಆಗ ಫಿಲಿಪ್ ಹೆಂಡತಿಗೆ ಹೇಳುತ್ತಾನೆ, ನಾವು ಈ ಕಡೆಗೇ ಸೇರಿಬಿಡೋಣ, ಇಲ್ಲಿ ಅಷ್ಟೇನೂ ಕೆಟ್ಟದಾಗಿಲ್ಲ, ಕರೆಂಟು ಹೋಗಲ್ಲ, ಊಟ ಚೆನ್ನಾಗಿದೆ ಅಂತ. ಎಲಿಜಬೆತ್‌ಗೆ ಮೈಯೆಲ್ಲ ಉರಿಯುತ್ತದೆ. ಅವಳಿಗೆ ದೇಶವೇ ಎಲ್ಲ. ಇಲ್ಲಿಂದ ಕಥೆ ಶುರು, 75 ಕಂತಿನ ಕೊನೆವರೆಗೂ ಇದೇ ಮಾತು ಬೇರೆ ಬೇರೆ ರೂಪದಲ್ಲಿ ಬರುತ್ತಲೇ ಇರುತ್ತದೆ.

ಈ ಸರಣಿ ಬಗ್ಗೆ ಮಾತಾಡುವವರು ಸಾಮಾನ್ಯವಾಗಿ ಹೇಳುವುದು ಹೀಗೆ: ಫಿಲಿಪ್ ಕರ್ತವ್ಯ ಮತ್ತು ಸಂಸಾರದ ಮಧ್ಯೆ ಸಿಕ್ಕಿಹಾಕಿಕೊಂಡಿದ್ದಾನೆ. ಒಂದು ಕಡೆ ದೇಶ, ಇನ್ನೊಂದು ಕಡೆ ಮನೆ. ನನಗೆ ಅದು ಸರಿ ಅನ್ನಿಸುವುದಿಲ್ಲ. ಫಿಲಿಪ್‌ಗೆ ಮನೆಯೇ ಕರ್ತವ್ಯ. ಆ ಹುಲ್ಲುಹಾಸು, ಆ ಅಡುಗೆಮನೆ, ಮಗನ ಜೊತೆ ಐಸ್ ಹಾಕಿ ನೋಡುವುದು, ಎದುರು ಮನೆಯವನ ಜೊತೆ ಬಿಯರ್ ಕುಡಿಯುವುದು, ಎಲ್ಲವೂ ಅವನಿಗೆ ಕೊಟ್ಟ ವೇಷ. ಮಾಸ್ಕೋದವರು ಅಮೆರಿಕನ್ ಆಗಿ ಬದುಕು ಅಂದರು. ಅವನು ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿದ. ಮಾಡುತ್ತಾ ಮಾಡುತ್ತಾ ಅದರ ಮೇಲೆ ಪ್ರೀತಿ ಹುಟ್ಟಿಬಿಟ್ಟಿತು. ತಪ್ಪು ಎಲ್ಲಿ ಮಾಡಿದ ಅಂತ ಹುಡುಕಿದರೆ ಸಿಗುವುದಿಲ್ಲ. ಆಜ್ಞೆಯನ್ನು ಮನಸ್ಸಿಟ್ಟು ಪಾಲಿಸಿದ, ಅಷ್ಟೇ.

ನನ್ನ ಅಮ್ಮನ ಊರು ಕುಂದಾಪುರದ ಕಡೆ. ಬೇಸಿಗೆ ರಜೆಯಲ್ಲಿ ಅಲ್ಲಿ ಯಕ್ಷಗಾನ ನೋಡಿದ್ದೇನೆ. ನನಗೆ ರಂಗಸ್ಥಳಕ್ಕಿಂತ ಚೌಕಿ, ಅಂದರೆ ವೇಷ ಹಾಕುವ, ಕಳಚುವ ಜಾಗ, ಇಷ್ಟ. ಬೆಳಗಿನ ಜಾವ ಆಟ ಮುಗಿದ ಮೇಲೆ ಕಲಾವಿದರು ಕಿರೀಟ ಬಿಚ್ಚಿಟ್ಟು, ಮುಖಕ್ಕೆ ತೆಂಗಿನೆಣ್ಣೆ ಸವರಿ ಬಣ್ಣ ಒರೆಸಿಕೊಳ್ಳುತ್ತಾರೆ. ರಾತ್ರಿಯಿಡೀ ರಾಕ್ಷಸನಾಗಿ ಅಬ್ಬರಿಸಿದವನು ಒಂದು ಹಳೇ ಪಂಚೆ ಸುತ್ತಿಕೊಂಡು, "ಬಸ್ಸು ಎಷ್ಟೊತ್ತಿಗೆ ಮಾರಾಯ?" ಅಂತ ಕೇಳುತ್ತಾನೆ. ಎಣ್ಣೆಯಲ್ಲಿ ಕರಗಿದ ಕೆಂಪು ಬಣ್ಣ ಅವನ ಕಿವಿಯ ಹಿಂದೆ ಸ್ವಲ್ಪ ಉಳಿದಿರುತ್ತೆ. ವೇಷ ಹಾಕುವವನಿಗೆ ಕಳಚುವ ಜಾಗ ಒಂದು ಇರಬೇಕು. ಫಿಲಿಪ್‌ಗೆ ಚೌಕಿಯೇ ಇಲ್ಲ. ಅವನು ಹೊರಗಿನ ಕೆಲಸಕ್ಕೆ ಹಾಕಿದ್ದ ವಿಗ್ಗು, ಮೀಸೆ, ಕನ್ನಡಕ ತೆಗೆದಿಟ್ಟು ಮನೆಗೆ ಬಂದರೆ, ಅಲ್ಲಿ ಇನ್ನೊಂದು ವೇಷ ಕಾಯುತ್ತಿರುತ್ತೆ. ಅಮೆರಿಕನ್ ಅಪ್ಪನ ವೇಷ.

ಮಾರ್ಥಾ ಅನ್ನುವ ಹೆಂಗಸಿನ ಕಥೆ ನೋಡಿದವರಿಗೆ ಈ ಮಾತು ಇನ್ನೂ ಚೆನ್ನಾಗಿ ಅರ್ಥವಾಗುತ್ತೆ. ಆಕೆ ಎಫ್‌ಬಿಐ ಆಫೀಸಿನ ಸೆಕ್ರೆಟರಿ. ಒಂಟಿ ಜೀವ. ಫಿಲಿಪ್ ಕ್ಲಾರ್ಕ್ ಅನ್ನುವ ಹೆಸರಿನಲ್ಲಿ, ಸರ್ಕಾರದ ಒಳಗಿನ ತನಿಖೆಯವನು ಅಂತ ನಂಬಿಸಿ ಅವಳನ್ನು ಒಲಿಸಿಕೊಳ್ಳುತ್ತಾನೆ. ಮದುವೆಯನ್ನೂ ಆಗುತ್ತಾನೆ. ಅವಳು ಅವನಿಗೋಸ್ಕರ ಆಫೀಸಿನ ಕಾಗದ ತಂದುಕೊಡುತ್ತಾಳೆ. ಬಾಸ್ ರೂಮಿನಲ್ಲಿ ಕದ್ದು ಕೇಳುವ ಪೆನ್ ಇಡುತ್ತಾಳೆ. ಒಂದು ದಿನ ಆ ಪೆನ್ ಸಿಕ್ಕಿಬೀಳುತ್ತೆ. ಹೆದರಿ ಸಾಯುತ್ತಿರುವ ಮಾರ್ಥಾ ಮುಂದೆ ಫಿಲಿಪ್ ಕೂತು ತಲೆಗೆ ಕೈ ಹಾಕುತ್ತಾನೆ. ಒಂದೊಂದೇ ಪಿನ್ ತೆಗೆಯುತ್ತಾನೆ. ವಿಗ್ಗು ತೆಗೆದು ಪಕ್ಕಕ್ಕೆ ಇಡುತ್ತಾನೆ. ಕನ್ನಡಕ ಮೊದಲೇ ಹೋಗಿರುತ್ತೆ. ಮಾತೇ ಇಲ್ಲ. ಎಷ್ಟೋ ದಿನದಿಂದ ಜೊತೆಗೆ ಮಲಗಿದ್ದ ಗಂಡನ ಮುಖವನ್ನು ಅವಳು ಮೊದಲ ಸಲ ನೋಡುತ್ತಾಳೆ. ಅವಳ ಕಣ್ಣಲ್ಲಿ ಭಯವೂ ಇದೆ, ಇನ್ನೇನೋ ಇದೆ.

ಅದು ತಂತ್ರವೂ ಹೌದು, ಅವಳನ್ನು ಬಿಗಿಯಾಗಿ ಹಿಡಿದಿಟ್ಟುಕೊಳ್ಳುವ ದಾರಿ. ಆದರೆ ಆ ಹೊತ್ತಿನಲ್ಲಿ ಫಿಲಿಪ್ ಮುಖದಲ್ಲಿ ನಾನು ನೋಡಿದ್ದು ಸುಸ್ತಾದ ಮನುಷ್ಯನನ್ನು. ಯಾರಾದರೂ ಒಬ್ಬರ ಮುಂದೆ ಬಣ್ಣ ಒರೆಸಿಕೊಳ್ಳಲೇಬೇಕಾಗಿತ್ತು ಅವನಿಗೆ. ಫಿಲಿಪ್ ಆಗಿ ನಟಿಸಿದ ಮ್ಯಾಥ್ಯೂ ರೀಸ್ ಈ ಪಾತ್ರಕ್ಕೆ 2018ರಲ್ಲಿ ಎಮ್ಮಿ ಪ್ರಶಸ್ತಿ ಪಡೆದರು. ನನ್ನ ಪ್ರಕಾರ ಈ ಒಂದು ದೃಶ್ಯಕ್ಕೇ ಕೊಡಬಹುದಿತ್ತು. ಆಮೇಲೆ ಮಾರ್ಥಾಳನ್ನು ಬೆಳಗಿನ ಜಾವ ಚಿಕ್ಕ ವಿಮಾನದಲ್ಲಿ ದೇಶದಿಂದ ಹೊರಗೆ ಕಳಿಸುತ್ತಾರೆ. ಭಾಷೆ ಗೊತ್ತಿಲ್ಲದ, ಯಾರೂ ಪರಿಚಯ ಇಲ್ಲದ ಸೋವಿಯತ್ ನಾಡಿಗೆ. ಬದುಕು ಪೂರ್ತಿ ಹಾಳಾದವಳು ಅವಳು. ಹೊರಡುವ ಮುಂಚೆ ಅವಳು ಅವನಿಗೆ ಹೇಳುವುದು, ಒಬ್ಬನೇ ಇರಬೇಡ ಕ್ಲಾರ್ಕ್ ಅಂತ. ಅಪ್ಪ ಆ ಹೊತ್ತಿಗೆ ಎದ್ದು ಬಾಲ್ಕನಿಗೆ ಹೋದರು. ನಾನು ನಿಲ್ಲಿಸಿ ಕಾದೆ.

ಇನ್ನೊಂದು ಜಾಗದಲ್ಲಿ ಫಿಲಿಪ್ ಹೆಂಡತಿಗೆ ತನ್ನ ತರಬೇತಿಯ ದಿನಗಳ ಬಗ್ಗೆ ಹೇಳುತ್ತಾನೆ. ಪ್ರೀತಿ ಇಲ್ಲದ ಜಾಗದಲ್ಲೂ ಪ್ರೀತಿ ಇರುವ ಹಾಗೆ, ನಿಜವೇ ಅನ್ನಿಸುವ ಹಾಗೆ ಮಾಡುವುದನ್ನು ಅವರಿಗೆ ಕಲಿಸಿದ್ದರು. ಎಲಿಜಬೆತ್ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳುತ್ತಾಳೆ, ನನ್ನ ಜೊತೆಗೂ ಹಾಗೆ ಮಾಡಬೇಕಾಗುತ್ತಾ? ಅವನು, ಕೆಲವು ಸಲ ಅನ್ನುತ್ತಾನೆ. ಸ್ವಲ್ಪ ತಡೆದು, ಈಗ ಇಲ್ಲ ಅನ್ನುತ್ತಾನೆ. ಗಂಡ ಹೆಂಡತಿ ಮಧ್ಯೆ ಇದಕ್ಕಿಂತ ಪ್ರಾಮಾಣಿಕವಾದ ಮಾತನ್ನು ನಾನು ಟಿವಿಯಲ್ಲಿ ಕೇಳಿಲ್ಲ.

ಎಲಿಜಬೆತ್ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಅವಳು ಕಲ್ಲುಮನಸ್ಸಿನವಳು, ಇವನು ಮೆತ್ತನೆಯವನು ಅಂತ ಬಿಡಿಸಿ ಇಡುವುದು ಸುಲಭ. ಎರಡನೇ ಸೀಸನ್‌ನಲ್ಲಿ ಫಿಲಿಪ್ ಒಂದು ಹೊಸ ಕಮಾರೋ ಕಾರು ತರುತ್ತಾನೆ. ಮಗನನ್ನು ಕೂರಿಸಿಕೊಂಡು ಜೋರಾಗಿ ಹಾಡು ಹಾಕಿ ಖುಷಿ ಪಡುತ್ತಾನೆ. ಎಲಿಜಬೆತ್‌ಗೆ ಅದು ಹಿಡಿಸುವುದಿಲ್ಲ. ಇದೆಲ್ಲ ನಿನಗೆ ಯಾವತ್ತೂ ಇಷ್ಟ ಆಗಲ್ವಾ ಅಂತ ಅವನು ಕೇಳುತ್ತಾನೆ. ಇಲ್ಲಿ ಸುಖ ಇದೆ, ಸಲೀಸು ಇದೆ, ಆದರೆ ಇದು ಮೇಲಲ್ಲ ಅನ್ನುವ ಅರ್ಥದಲ್ಲಿ ಅವಳು ಉತ್ತರ ಕೊಡುತ್ತಾಳೆ. ಅವಳು ಯುದ್ಧದ ನಂತರದ ಹಸಿವಿನಲ್ಲಿ ಬೆಳೆದವಳು. ಆ ಮಾತಿನ ಹಿಂದೆ ಅವಳ ಅಮ್ಮ ಇದ್ದಾಳೆ, ಊರಿದೆ. ಅವಳ ಕಣ್ಣಿಗೆ ಗಂಡ ನಿಧಾನವಾಗಿ ಕರಗಿಹೋಗುತ್ತಿದ್ದಾನೆ. ಅವಳ ಭಯವೂ ನಿಜವಾದದ್ದೇ.

ಅದೇ ಹೊತ್ತಿನಲ್ಲಿ ಮಗ ಹೆನ್ರಿ ಪಕ್ಕದವರ ಮನೆಗೆ ಕದ್ದು ನುಗ್ಗಿ ವಿಡಿಯೋ ಗೇಮ್ ಆಡಿ ಸಿಕ್ಕಿಬೀಳುತ್ತಾನೆ. ಅಪ್ಪ ಅಮ್ಮನ ಮುಂದೆ ಅಳುತ್ತಾ, ನಾನು ಒಳ್ಳೆಯವನು, ನಿಮಗೆ ಗೊತ್ತಲ್ವಾ ಅಂತ ಗೋಗರೆಯುತ್ತಾನೆ. ಆ ರಾತ್ರಿಯೂ ಯಾರದೋ ಜೀವ ತೆಗೆಯುವ ಕೆಲಸದಲ್ಲಿ ಇರುವ ಇಬ್ಬರು ಮಂಚದ ಅಂಚಿನಲ್ಲಿ ಕೂತು ಅದನ್ನು ಕೇಳಿಸಿಕೊಳ್ಳುತ್ತಾರೆ. ಹುಡುಗನಿಗೆ ಏನು ಹೇಳಬೇಕೋ ಇಬ್ಬರಿಗೂ ತೋಚುವುದಿಲ್ಲ.

ಇದನ್ನು ಬರೆದ ಜೋ ವೈಸ್‌ಬರ್ಗ್ 90ರ ದಶಕದ ಶುರುವಿನಲ್ಲಿ ಅಮೆರಿಕದ ಗೂಢಚಾರ ಸಂಸ್ಥೆ ಸಿಐಎಯಲ್ಲಿ ಕೆಲಸ ಮಾಡಿದವರು. ಬಂದೂಕು, ಓಡಾಟ ಎಷ್ಟೋ ಸರಣಿಗಳಲ್ಲಿ ಸಿಗುತ್ತೆ. ಊಟದ ಮೇಜಿನ ಸುಳ್ಳು ಇಷ್ಟು ಹತ್ತಿರದಿಂದ ಬಂದಿರುವುದಕ್ಕೆ ಅದೇ ಕಾರಣ ಇರಬೇಕು. ಸರಣಿಗೆ ಎಳೆ ಸಿಕ್ಕಿದ್ದು ಒಂದು ನಿಜವಾದ ಘಟನೆಯಿಂದ. 2010ರ ಜೂನ್‌ನಲ್ಲಿ ಎಫ್‌ಬಿಐ ಅಮೆರಿಕದಲ್ಲಿ ಹತ್ತು ಜನ ರಷ್ಯನ್ ಗೂಢಚಾರರನ್ನು ಹಿಡಿಯಿತು. ಸೋವಿಯತ್ ಒಕ್ಕೂಟ ಇಲ್ಲವಾಗಿ 19 ವರ್ಷ ಆಗಿತ್ತು, ಆದರೂ ಈ ಕೆಲಸ ನಿಂತಿರಲಿಲ್ಲ. ಅವರಲ್ಲಿ ಮಸಾಚುಸೆಟ್ಸ್‌ನ ಕೇಂಬ್ರಿಡ್ಜ್‌ನಲ್ಲಿದ್ದ ಒಂದು ಜೋಡಿ, ಆಂಡ್ರೇ ಬೆಜ್ರುಕೋವ್ ಮತ್ತು ಎಲೆನಾ ವಾವಿಲೋವಾ. ಕೆನಡಾದವರು ಅಂತ ಹೇಳಿಕೊಂಡು ಬದುಕಿದ್ದರು. ಎಫ್‌ಬಿಐನವರು ಬಾಗಿಲು ತಟ್ಟಿದ ದಿನ ದೊಡ್ಡ ಮಗನ ಇಪ್ಪತ್ತನೇ ಹುಟ್ಟುಹಬ್ಬ. ಚಿಕ್ಕ ಮಗ ಕೆನಡಾದ ಪೌರತ್ವಕ್ಕಾಗಿ ವರ್ಷಗಟ್ಟಲೆ ಕೋರ್ಟಿಗೆ ಅಲೆದು, 2019ರ ಡಿಸೆಂಬರ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟಿನಲ್ಲಿ ಗೆದ್ದ. ಅಪ್ಪ ಅಮ್ಮ ಮಾಡಿದ್ದಕ್ಕೆ ತನ್ನ ಗುರುತನ್ನು ಕಳೆದುಕೊಂಡು, ಮತ್ತೆ ಕಾಗದದ ಮೇಲೆ ಪಡೆದುಕೊಳ್ಳಬೇಕಾಯಿತು ಆ ಹುಡುಗ.

ಫಿಲಿಪ್‌ಗೆ ಇನ್ನೂ ಹತ್ತಿರದವನು ಒಬ್ಬ ಇದ್ದಾನೆ. ಜ್ಯಾಕ್ ಬಾರ್ಸ್ಕಿ. ನಿಜವಾದ ಹೆಸರು ಆಲ್ಬ್ರೆಕ್ಟ್ ಡಿಟ್ರಿಕ್, ಪೂರ್ವ ಜರ್ಮನಿಯವನು. 1978ರಲ್ಲಿ ಕೆಜಿಬಿ ಅವನನ್ನು ಅಮೆರಿಕಕ್ಕೆ ಕಳಿಸಿತು. ಚಿಕ್ಕ ವಯಸ್ಸಿನಲ್ಲೇ ತೀರಿಹೋಗಿದ್ದ ಒಬ್ಬ ಹುಡುಗನ ಹೆಸರನ್ನು ಅವನಿಗೆ ಕೊಟ್ಟರು. ನ್ಯೂಯಾರ್ಕಿನಲ್ಲಿ ಸೈಕಲ್ ಮೇಲೆ ಪಾರ್ಸೆಲ್ ಮುಟ್ಟಿಸುವ ಕೆಲಸದಿಂದ ಶುರು ಮಾಡಿ, ಒಂದು ದೊಡ್ಡ ವಿಮಾ ಕಂಪನಿಯಲ್ಲಿ ಕಂಪ್ಯೂಟರ್ ಪ್ರೋಗ್ರಾಮರ್ ಆದ. ಜರ್ಮನಿಯಲ್ಲಿ ಒಬ್ಬ ಹೆಂಡತಿ, ಮಗ. ಅಮೆರಿಕದಲ್ಲಿ ಇನ್ನೊಬ್ಬ ಹೆಂಡತಿ, ಒಂದು ಪುಟ್ಟ ಮಗಳು. 1988ರ ಕೊನೆಗೆ ಅವನು ದಿನಾ ಓಡಾಡುವ ದಾರಿಯಲ್ಲಿ, ಒಂದು ಕಬ್ಬಿಣದ ಕಂಬದ ಮೇಲೆ ಕೆಂಪು ಬಣ್ಣದ ಗುರುತು ಕಾಣಿಸಿತು. ಅಪಾಯ ಇದೆ, ತಕ್ಷಣ ಹೊರಟು ಬಾ ಅನ್ನುವ ಸಂಕೇತ ಅದು. ಅವನು ನೋಡಿದ. ನೋಡಿಯೂ ಕೆಲಸಕ್ಕೆ ಹೋದ. ಮಗಳಿಗೆ ಇನ್ನೂ ಎರಡು ವರ್ಷ ತುಂಬಿರಲಿಲ್ಲ. ಅವಳನ್ನು ಬಿಟ್ಟು ಹೋಗಲು ಅವನ ಕೈಲಿ ಆಗಲಿಲ್ಲ. ತನಗೆ ಏಡ್ಸ್ ಬಂದಿದೆ, ಚಿಕಿತ್ಸೆ ಇಲ್ಲೇ ಸಿಗುವುದು ಅಂತ ಕೆಜಿಬಿಗೆ ಬರೆದು ಹಾಕಿದ. ಅವರು ನಂಬಿದರು. 1997ರಲ್ಲಿ ಎಫ್‌ಬಿಐ ಅವನನ್ನು ರಸ್ತೆಯಲ್ಲಿ ತಡೆದು ನಿಲ್ಲಿಸುವ ಹೊತ್ತಿಗೆ ಪಕ್ಕದ ಮನೆಯನ್ನೇ ಕೊಂಡು ಕಣ್ಣಿಟ್ಟಿತ್ತು.

ಇದು ಗೆಲುವಿನ ಕಥೆ ಅಂತ ನನಗೆ ಅನ್ನಿಸುವುದಿಲ್ಲ. ಜರ್ಮನಿಯಲ್ಲಿ ಇನ್ನೊಂದು ಮಗು ಕಾದಿತ್ತು. ಆ ಮನೆಗೆ ಅಪ್ಪ ಸತ್ತ ಅನ್ನುವ ಸುದ್ದಿ ಹೋಯಿತು. ಆದರೂ ಆ ಕೆಂಪು ಗುರುತಿನ ಮುಂದೆ ನಿಂತ ಬೆಳಗ್ಗೆ ನನಗೆ ತುಂಬಾ ಕಾಡುತ್ತದೆ. ಕೈಯಲ್ಲಿ ಆಫೀಸಿನ ಬ್ಯಾಗು, ಹಿಂದೆ ಮುಂದೆ ಜನ. ಮನೆಯಲ್ಲಿ ಮಗು ಎದ್ದಿರುತ್ತೆ.

ನನ್ನ ಅಜ್ಜಿ, ಅಂದರೆ ಅಪ್ಪನ ಅಮ್ಮ, ತೀರಿಕೊಂಡಾಗ ಅಪ್ಪ ಕ್ಯಾಂಪ್‌ನಲ್ಲಿದ್ದರು. ಅಮ್ಮ ಪಕ್ಕದ ಮನೆಯಿಂದ ಆಫೀಸಿಗೆ ಫೋನ್ ಮಾಡಿದರು. ತಿಳಿಸುತ್ತೇವೆ ಅಂದರು. ಒಂದು ದಿನ ಆಯಿತು. ಎರಡು ದಿನ ಆಯಿತು. ಚಿಕ್ಕಪ್ಪ ಕೊಳ್ಳಿ ಇಟ್ಟರು. ಅಪ್ಪ ಬಂದಿದ್ದು ಮೂರನೇ ದಿನ. ಬಾಗಿಲಲ್ಲಿ ಸೂಟ್‌ಕೇಸ್ ಇಟ್ಟು, ಒಳಗೆ ಬಂದು, ಅಜ್ಜಿ ಮಲಗುತ್ತಿದ್ದ ಮಂಚ ಎತ್ತಿಟ್ಟಿದ್ದ ಖಾಲಿ ಜಾಗವನ್ನು ನೋಡುತ್ತಾ ನಿಂತರು. ಅಮ್ಮ ಅವತ್ತು ಒಂದೇ ಒಂದು ಪ್ರಶ್ನೆ ಕೇಳಿದರು. "ಎಲ್ಲಿದ್ರಿ?" ಅಪ್ಪ ಉತ್ತರ ಕೊಡಲಿಲ್ಲ. ಅಮ್ಮ ಮತ್ತೆ ಯಾವತ್ತೂ ಕೇಳಲಿಲ್ಲ. ಅಮ್ಮನ ಬಾಯಲ್ಲಿ ಆ ಪ್ರಶ್ನೆ ನಿಂತುಹೋಗಿದ್ದು ನಮ್ಮ ಮನೆಯಲ್ಲಿ ಆದ ದೊಡ್ಡ ನಷ್ಟ ಅಂತ ನನಗೆ ಈಗಲೂ ಅನ್ನಿಸುತ್ತೆ.

ನನ್ನ ಅಪ್ಪ ಗೂಢಚಾರರಲ್ಲ. ಯಾರಿಗೂ ಮೋಸ ಮಾಡಿದವರಲ್ಲ. ಒಬ್ಬ ಒಳ್ಳೆಯ ಇಂಜಿನಿಯರ್, ಸಹಿ ಹಾಕಿದ ಮಾತಿಗೆ ಕಟ್ಟುಬಿದ್ದವರು. ಫಿಲಿಪ್ ಮಾಡಿದ್ದಕ್ಕೂ ಅಪ್ಪ ಮಾಡಿದ್ದಕ್ಕೂ ಅಜಗಜಾಂತರ. ಆದರೆ "ಇವತ್ತು ಏನಾಯ್ತು?" ಅಂತ ಮನೆಯವರು ಕೇಳಿದಾಗ ಇಬ್ಬರ ಬಾಯಿಗೂ ಬೀಗ. ನಮ್ಮಲ್ಲಿ ಗಂಡ ಹೆಂಡತಿ ದಿನವೆಲ್ಲ ಮಾತಾಡುವುದು ಏನು? ಯಾರು ಸಿಕ್ಕರು, ಬಾಸ್ ಏನಂದ, ಬಸ್ಸು ಯಾಕೆ ಲೇಟಾಯ್ತು. ಈ ಸಣ್ಣಪುಟ್ಟ ಮಾತಿನಲ್ಲೇ ಸಂಸಾರ ಇರುವುದು. ಅದನ್ನು ತೆಗೆದರೆ ಉಳಿಯುವುದು ಊಟ, ಬಿಲ್ಲು, ಮಕ್ಕಳ ಫೀಸು.

ಮೂರನೇ ಸೀಸನ್‌ನಲ್ಲಿ ಪೇಜ್ ಅಡುಗೆಮನೆಯ ಮೇಜಿನ ಹತ್ತಿರ ಅಪ್ಪ ಅಮ್ಮನನ್ನು ನೇರವಾಗಿ ಕೇಳುತ್ತಾಳೆ. ಅವಳಿಗೆ ಹದಿನೈದೋ ಹದಿನಾರೋ. ವರ್ಷಗಟ್ಟಲೆ ನಡುರಾತ್ರಿ ಫೋನು, ದಿಢೀರ್ ಅಂತ ಹೊರಟುಹೋಗುವ ಅಪ್ಪ ಅಮ್ಮ, ಇದೆಲ್ಲ ನೋಡಿ ಸಾಕಾಗಿದೆ. ಇಬ್ಬರೂ ಮುಖ ಮುಖ ನೋಡಿಕೊಂಡು ಹೇಳಿಬಿಡುತ್ತಾರೆ. ನಾವು ಬೇರೆ ದೇಶದಲ್ಲಿ ಹುಟ್ಟಿದವರು, ನಮ್ಮ ದೇಶಕ್ಕೋಸ್ಕರ ಇಲ್ಲಿ ಕೆಲಸ ಮಾಡುತ್ತಿದ್ದೇವೆ ಅಂತ. ಅವಳಿಗೆ ನಂಬಿಕೆ ಬರುವುದಿಲ್ಲ. ರಷ್ಯನ್‌ನಲ್ಲಿ ಏನಾದರೂ ಮಾತಾಡಿ ಅನ್ನುತ್ತಾಳೆ. ಅವರು ಮಾತಾಡುತ್ತಾರೆ. ಹುಟ್ಟಿದಾಗಿನಿಂದ ಜೊತೆಗಿದ್ದ ಅಪ್ಪ ಅಮ್ಮನ ಬಾಯಿಂದ ಅವಳಿಗೆ ಒಂದಕ್ಷರವೂ ಅರ್ಥವಾಗದ ಭಾಷೆ ಬರುತ್ತದೆ. ಅವರ ತಾಯ್ನುಡಿ ಅದು. ಈ ಮನೆಯಲ್ಲಿ ಹದಿನೈದು ವರ್ಷದಲ್ಲಿ ಮಕ್ಕಳು ಅದನ್ನು ಕೇಳುತ್ತಿರುವುದು ಅದೇ ಮೊದಲು. ಒಂದು ಜೋಗುಳವನ್ನೂ ಆ ಭಾಷೆಯಲ್ಲಿ ಹೇಳಲಾಗದೆ ಮಕ್ಕಳನ್ನು ಬೆಳೆಸಿದ್ದಾರೆ ಅಂತ ಯೋಚಿಸಿದರೆ ಕರುಳು ಚುರ್ ಅನ್ನುತ್ತೆ.

ಅಪ್ಪ ಅವತ್ತು ಮೆಲ್ಲಗೆ ಒಂದು ಮಾತು ಹೇಳಿದರು. "ಅವರಿಗೆ ಹೇಳೋಕೆ ಒಂದು ದಿನ ಅಂತ ಆದರೂ ಸಿಕ್ತು."

ಐದನೇ ಸೀಸನ್ ಪೂರ್ತಿ ಫಿಲಿಪ್ ಒಳಗೊಳಗೇ ಒಡೆಯುತ್ತಾ ಹೋಗುತ್ತಾನೆ. ಅದೇ ಸೀಸನ್‌ನಲ್ಲಿ ಅವರಿಬ್ಬರೂ ಕದ್ದುಮುಚ್ಚಿ ಇನ್ನೊಂದು ಸಲ ಮದುವೆ ಆಗುತ್ತಾರೆ. ಒಬ್ಬ ರಷ್ಯನ್ ಪಾದ್ರಿ, ಖಾಲಿ ಜಾಗ, ಸಾಕ್ಷಿಗೆ ಯಾರೂ ಇಲ್ಲ. ಮಿಖಾಯಿಲ್, ನಡೇಜ್ದಾ ಅನ್ನುವ ಸ್ವಂತ ಹೆಸರಿನಲ್ಲಿ. ಉಂಗುರವನ್ನು ಮನೆಯಲ್ಲಿ ಹಾಕಿಕೊಳ್ಳುವ ಹಾಗಿಲ್ಲ, ಬಿಚ್ಚಿ ಮುಚ್ಚಿಡಬೇಕು. ಕೊನೆಗೆ ಎಲಿಜಬೆತ್ ತಾನಾಗಿಯೇ ಹೇಳುತ್ತಾಳೆ, ನೀನು ನಿಲ್ಲಿಸು, ನಾನು ಮುಂದುವರಿಸುತ್ತೇನೆ ಅಂತ. ಅವಳ ಪ್ರೀತಿ ಎಷ್ಟು ಅಂತ ನನಗೆ ಗೊತ್ತಾಗಿದ್ದು ಆಗ.

ಆರನೇ ಸೀಸನ್ 1987ಕ್ಕೆ ಬರುತ್ತದೆ. ಫಿಲಿಪ್ ಕೆಲಸ ಬಿಟ್ಟು ಮೂರು ವರ್ಷ. ಈಗ ಅವನು ಬಯಸಿದ್ದ ಮಾಮೂಲಿ ಮನುಷ್ಯ. ಟ್ರಾವೆಲ್ ಏಜೆನ್ಸಿ ದೊಡ್ಡದು ಮಾಡಿದ್ದಾನೆ. ಸಂಜೆ ಗುಂಪಿನಲ್ಲಿ ಸಾಲಾಗಿ ನಿಂತು ಕುಣಿಯುವ ಡ್ಯಾನ್ಸಿಗೆ ಹೋಗುತ್ತಾನೆ. ಮೊದಲ ಕಂತಿನ ಬೂಟಿನ ಆಸೆ ಈಡೇರಿದೆ. ಆದರೆ ಸಾಲ ಮೈಮೇಲೆ ಬಂದಿದೆ. ಹೆನ್ರಿಯ ಬೋರ್ಡಿಂಗ್ ಶಾಲೆಯ ಫೀಸು ಕಟ್ಟಲು ದುಡ್ಡಿಲ್ಲ. ಹಳೇ ಕೆಲಸಗಾರನನ್ನು ತೆಗೆಯಬೇಕಾಗುತ್ತೆ. ಎಲಿಜಬೆತ್ ನಡುರಾತ್ರಿ ಮನೆಗೆ ಬಂದು, ಕಿಟಕಿ ಹತ್ತಿರ ಸಿಗರೇಟು ಸೇದುತ್ತಾ ನಿಂತಿರುತ್ತಾಳೆ. ಅವನು ಬಾಯಿ ತೆರೆಯುತ್ತಾನೆ, ಅವಳಿಗೆ ಕೇಳುವ ತ್ರಾಣ ಇಲ್ಲ. ಅವಳ ದಿನ ಹೇಗಿತ್ತು ಅಂತ ಅವನೂ ಕೇಳುವ ಹಾಗಿಲ್ಲ. ಮೊದಲು ಇಬ್ಬರೂ ಸೇರಿ ಲೋಕಕ್ಕೆ ಸುಳ್ಳು ಹೇಳುತ್ತಿದ್ದರು. ಈಗ ಅವರಿಬ್ಬರ ನಡುವೆಯೇ ಗೋಡೆ.

ಇದೇ ನನಗೆ ತುಂಬಾ ತಾಕಿದ ಭಾಗ. ಫಿಲಿಪ್ ಕೆಲಸ ಬಿಟ್ಟ, ಆದರೂ ಅವನಿಗೆ ಮಾಮೂಲಿ ಬದುಕು ಸಿಗಲಿಲ್ಲ. ಡ್ಯಾನ್ಸ್ ಕ್ಲಾಸಿನಲ್ಲಿ ಅವನ ಪಕ್ಕ ಕುಣಿಯುವವರಿಗೂ ಅವನು ಯಾರು ಅಂತ ಗೊತ್ತಿಲ್ಲ. ಕೆಲಸ ನಿಂತರೂ ಗುಟ್ಟು ನಿಲ್ಲಲಿಲ್ಲ. ಅವನಿಗೆ ಬೇಕಿದ್ದಿದ್ದು ಕಾರಲ್ಲ, ಬೂಟಲ್ಲ. ತನ್ನ ಹೆಸರು ಗೊತ್ತಿರುವ ಯಾರಾದರೂ ಒಬ್ಬರು ಸಂಜೆ ಎದುರಿಗೆ ಕೂತು ಕೇಳಿಸಿಕೊಳ್ಳಬೇಕಿತ್ತು. ಇಂಥವನನ್ನು ಹೇಡಿ ಅನ್ನುವವರನ್ನು ಕಂಡಿದ್ದೇನೆ. ನನಗೆ ಅವನು ಆ ಸರಣಿಯಲ್ಲಿ ಎಲ್ಲರಿಗಿಂತ ಧೈರ್ಯವಂತ. ಸಾಕು ಅನ್ನುವುದಕ್ಕೆ ತುಂಬಾ ಗಟ್ಟಿತನ ಬೇಕು.

ಕೊನೆಯ ಕಂತು ನಾವು ನೋಡಿದ್ದು ಒಂದು ಮಳೆ ರಾತ್ರಿ. ಪಾರ್ಕಿಂಗ್ ಜಾಗದಲ್ಲಿ ಸ್ಟ್ಯಾನ್ ಪಿಸ್ತೂಲು ಹಿಡಿದು ಅವರನ್ನು ತಡೆಯುತ್ತಾನೆ. ಎದುರು ಮನೆಯವರು ಯಾರು ಅಂತ ಅವನಿಗೆ ಗೊತ್ತಾಗಿಬಿಟ್ಟಿದೆ. ಫಿಲಿಪ್ ಸುಳ್ಳು ಹೇಳುವುದನ್ನು ನಿಲ್ಲಿಸುತ್ತಾನೆ. ನನ್ನ ಇಡೀ ಬದುಕಿನಲ್ಲಿ ಇದ್ದ ಒಬ್ಬನೇ ಗೆಳೆಯ ನೀನು ಅನ್ನುತ್ತಾನೆ. ಆ ಮಾತು ಬಚಾವಾಗುವ ಉಪಾಯವೋ, ನಿಜವೋ? ನನಗೆ ಅದು ನಿಜ. ಸ್ಟ್ಯಾನ್ ದಾರಿ ಬಿಡುತ್ತಾನೆ.

ಆಮೇಲೆ ರಸ್ತೆ ಬದಿಯ ಫೋನಿನಿಂದ ಹೆನ್ರಿಗೆ ಕರೆ. ಇದು ಕೊನೆಯ ಮಾತು ಅಂತ ಹುಡುಗನಿಗೆ ಗೊತ್ತಿಲ್ಲ. ಅವನು ಆಟದ ಮಧ್ಯೆ ಇದ್ದಾನೆ, ಅವಸರದಲ್ಲಿದ್ದಾನೆ. ಫಿಲಿಪ್ ತಡವರಿಸುತ್ತಾ ಏನೇನೋ ಹೇಳುತ್ತಾನೆ. ಕಾಡಿನ ಮಣ್ಣಿನಲ್ಲಿ ಸುಳ್ಳು ಕಾಗದಗಳನ್ನು ಹೂತು, ಆ ಬಚ್ಚಿಟ್ಟ ಉಂಗುರಗಳನ್ನು ಬೆರಳಿಗೆ ಹಾಕಿಕೊಳ್ಳುತ್ತಾರೆ. ರೈಲು ಕೆನಡಾ ಗಡಿ ಮುಟ್ಟುವಾಗ ಮಗಳು ಹೇಳದೆ ಇಳಿದುಬಿಡುತ್ತಾಳೆ. ಕಿಟಕಿಯಾಚೆ ಪ್ಲಾಟ್‌ಫಾರಂ ಮೇಲೆ ಅವಳು ನಿಂತಿದ್ದಾಳೆ, ರೈಲು ಹೊರಟಿದೆ. ಕೊನೆಗೆ ಗಂಡ ಹೆಂಡತಿ ಇಬ್ಬರೇ ರಾತ್ರಿಯಲ್ಲಿ ಮಾಸ್ಕೋದ ದೀಪಗಳನ್ನು ನೋಡುತ್ತಾ ನಿಲ್ಲುತ್ತಾರೆ. ಅವಳು ರಷ್ಯನ್‌ನಲ್ಲಿ, ಅಭ್ಯಾಸ ಆಗುತ್ತೆ ಅನ್ನುತ್ತಾಳೆ.

ನಾನು ಟಿವಿ ಆರಿಸಿದೆ. ಅಪ್ಪ ಎಷ್ಟೋ ಹೊತ್ತು ಎದ್ದೇಳಲಿಲ್ಲ.

"ಆ ಹುಡುಗ ಏನಾದ?" ಅಂದರು.

"ಹೆನ್ರಿನಾ? ಅದನ್ನ ತೋರಿಸಲ್ಲ ಅಪ್ಪ. ಸ್ಟ್ಯಾನ್ ಹೋಗಿ ಹೇಳ್ತಾನೆ ಅಷ್ಟೆ."

"ಅವನಿಗೆ ಅಪ್ಪನೇ ಹೇಳಬೇಕಿತ್ತು."

ನಾನು ಅಡುಗೆಮನೆಗೆ ಹೋಗಿ ಇಬ್ಬರಿಗೂ ಹಾಲು ಬಿಸಿ ಮಾಡಿ ತಂದೆ. ಲೋಟ ಕೈಗೆ ಕೊಡುವಾಗ ಕೇಳಿಬಿಟ್ಟೆ. "ಅಪ್ಪ, ನಾನು ಚಿಕ್ಕವಳಿದ್ದಾಗ ನಿಮ್ಮ ಶೂ ಒಳಗೆ ಮರಳಿತ್ತು. ನೆನಪಿದೆಯಾ?"

ಅಪ್ಪ ಹಾಲಿನ ಮೇಲಿನ ಕೆನೆಯನ್ನು ಬೆರಳಿನಿಂದ ಪಕ್ಕಕ್ಕೆ ಸರಿಸಿದರು. ಒಂದು ಗುಟುಕು ಕುಡಿದರು.

"ಬೆಳಗ್ಗೆ ಹೊತ್ತು ಅಲ್ಲಿ ನೀರು ತುಂಬಾ ದೂರ ಹೋಗಿಬಿಡ್ತಿತ್ತು," ಅಂದರು. "ನಡೀತಾ ಹೋದರೆ ಬರೀ ಒದ್ದೆ ಮರಳು. ಕೆಂಪು ಏಡಿಗಳು ಇರ್ತಿದ್ವು, ಹೆಜ್ಜೆ ಸದ್ದು ಕೇಳಿದ್ರೆ ಎಲ್ಲ ಒಟ್ಟಿಗೆ ಬಿಲದೊಳಗೆ. ನಿಮ್ಮಮ್ಮನಿಗೆ ಒಂದು ಸಲ ತೋರಿಸ್ಬೇಕು ಅಂತಿತ್ತು."

ಎಲ್ಲಿ ಅಂತ ಹೇಳಲಿಲ್ಲ. ಯಾಕೆ ಹೋಗಿದ್ದು ಅಂತಾನೂ ಹೇಳಲಿಲ್ಲ. ನಾನು ಕೇಳಲೂ ಇಲ್ಲ. ಏಡಿ ಎಷ್ಟು ದೊಡ್ಡದಿರುತ್ತಿತ್ತು ಅಂತ ಕೇಳಿದೆ. ಅಪ್ಪ ಲೋಟ ಕೆಳಗಿಟ್ಟು ಹೆಬ್ಬೆರಳು ತೋರುಬೆರಳು ಅಗಲಿಸಿ ತೋರಿಸಿದರು.